ಕಿಟಕಿಗೆ ಕಟ್ಟಿದ ಮೆಷಿನ್ನು

ಉತ್ತರ ಕರ್ನಾಟಕದ ಒಂದು ಊರಿನ ದೊಡ್ಡಾಸ್ಪತ್ರೆ. ಗಂಡಸರ ಸರ್ಜರಿ ವಾರ್ಡು. ಮಂಚ ಸಾಲದೆ ನೆಲದ ಮೇಲೂ ಗಾದಿ ಹಾಸಿದ್ದರು. ಕಿಟಕಿ ಪಕ್ಕದ ಗಾದಿಯಲ್ಲಿ ಅರವತ್ತು ದಾಟಿದ ಯಜಮಾನರೊಬ್ಬರು ಮಲಗಿದ್ದರು. ಸಕ್ಕರೆ ಕಾಯಿಲೆ. ಬಲಗಾಲಿನ ಎರಡು ಬೆರಳು ತೆಗೆದಿದ್ದರು. ಆ ಗಾಯದೊಳಗೆ ಕಪ್ಪು ಸ್ಪಂಜು ಇಟ್ಟು, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಅದರಿಂದ ಒಂದು ಕೊಳವೆ ಹೊರಟು, ಗೋಡೆಗುಂಟ ಮೇಲೆ ಹೋಗಿ ಕಿಟಕಿ ಸರಳಿನ ಹತ್ತಿರ ನಿಂತಿತ್ತು. ಅಲ್ಲಿ, ಹೆಚ್ಚು ಕಮ್ಮಿ ನನ್ನ ಎದೆಮಟ್ಟದಲ್ಲಿ, ಹಳೇ ಸೀರೆಯ ಅಂಚಿನಿಂದ ಬಿಗಿದು ಕಟ್ಟಿದ ಒಂದು ಗಂಟು. ಗಂಟಿನ ಸುತ್ತ ಟವೆಲ್ಲು. ಟವೆಲ್ಲಿನ ಒಳಗೆ ನಮ್ಮ ಮೆಷಿನ್ನು.

ಹಾಳೆಯ ಕೆಳಗಿನ ಗಾಳಿ ಎಳೆದು, ಗಾಯದ ರಸಿಗೆ ಹೀರಿ ತೆಗೆದು, ಗಾಯ ಮಾಯಲು ನೆರವಾಗುವ ಪಂಪು ಅದು. ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಆ ಮೆಷಿನ್ ಡಿಸೈನ್ ಮಾಡುತ್ತಿದ್ದವಳು. ಟ್ರಯಲ್ ಹೇಗೆ ನಡೆದಿದೆ ಅಂತ ನೋಡಲು ಹೋಗಿದ್ದೆ. ಎರಡು ವರ್ಷ ಹೊಟ್ಟೆಯ ಮಗುವಿನ ಹಾಗೆ ಬೆಳೆಸಿದ್ದನ್ನು ಹೀಗೆ ಟವೆಲ್ ಸುತ್ತಿ ನೇತು ಹಾಕಿದ್ದು ನೋಡಿ ಮೊದಲು ಸಿಟ್ಟೇ ಬಂತು. ಬಿಸಿ ಹೋಗಲು ಅಂತ ಹಿಂದೆ ತೂತು ಬಿಟ್ಟಿದ್ದೆವು. ಅದೆಲ್ಲ ಮುಚ್ಚಿಹೋಗಿತ್ತು. ಪಕ್ಕದಲ್ಲಿ ಕೂತಿದ್ದವರು ಯಜಮಾನರ ಸೊಸೆ. ಯಾಕಮ್ಮಾ ಹೀಗೆ ಸುತ್ತಿದೀರಿ ಅಂದೆ. 'ರಾತ್ರಿ ಎಲ್ಲಾ ಒದರಾಕತ್ತಿತ್ರೀ ಅಕ್ಕಾರ. ಮಾವಾರಿಗೆ ನಿದ್ದಿ ಇಲ್ಲ, ಬಾಜೂದವ್ರು ಬೈತಾರ. ಅದಕ್ಕ ಟವೆಲ್ ಸುತ್ತೀನ್ರೀ' ಅಂದರು. ತಪ್ಪು ಮಾಡಿದ ಭಾವ ಏನೂ ಇರಲಿಲ್ಲ. ಅಳುವ ಮಗುವಿಗೆ ಹೊದಿಸಿದಷ್ಟೇ ಸಹಜವಾಗಿ ಹೇಳಿದರು.

ಟವೆಲ್ ಬಿಚ್ಚಿದೆ. ಪರದೆಯ ಮೇಲೆ ಹಸಿರು ಅಂಕಿಯಲ್ಲಿ 125 ಅಂತ ಹೊಳೆಯುತ್ತಿತ್ತು. ಎಷ್ಟು ಜೋರಾಗಿ ಎಳೆಯುತ್ತಿದೆ ಅನ್ನುವ ಅಂಕಿ ಅದು, ಮಿಲಿಮೀಟರ್ ಪಾದರಸದ ಲೆಕ್ಕದಲ್ಲಿ. ನಾವು ಇಟ್ಟ ಗುರಿ ಅದೇ. ರೌಂಡ್ಸಿಗೆ ಬಂದ ಡಾಕ್ಟರ್ ಕೂಡ ಅದನ್ನೇ ನೋಡಿ, ಕೇಸ್ ಶೀಟಿನಲ್ಲಿ ಬರೆದು ಹೋಗಿದ್ದರು. ಎಲ್ಲ ಸರಿ ಇದೆ. ಆದರೆ ನನ್ನ ಕಣ್ಣು ಕೊಳವೆಯ ಮೇಲೆ ಬಿತ್ತು. ಕೊಳವೆಯೊಳಗೆ ನಸುಗೆಂಪು ರಸಿಗೆ ತುಂಡು ತುಂಡಾಗಿ ನಿಂತಿತ್ತು. ಹರಿಯುತ್ತಿರಲಿಲ್ಲ. ಬೆರಳಿನಲ್ಲಿ ಅಳೆದೆ. ಎಲ್ಲ ತುಂಡು ಕೂಡಿಸಿದರೆ ಹತ್ತಿರ ಹತ್ತಿರ ಒಂದು ಮೀಟರ್. ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯಿತು. ಒಂದು ಮೀಟರ್ ನೀರು ಅಂದರೆ ಸುಮಾರು 74 ಮಿಲಿಮೀಟರ್ ಪಾದರಸ. ಅದನ್ನು ಮೇಲೆ ಎತ್ತಿ ಹಿಡಿಯಲೇ ಅಷ್ಟು ಎಳೆತ ಹೋಗುತ್ತದೆ. 125ರಲ್ಲಿ 74 ಹೋದರೆ ಉಳಿಯುವುದು 51. ಮೆಷಿನ್ 125 ಎಳೆಯುತ್ತಿತ್ತು. ಗಾಯಕ್ಕೆ ಸಿಗುತ್ತಿದ್ದದ್ದು ಅದರ ಅರ್ಧಕ್ಕಿಂತ ಕಮ್ಮಿ.

ಆ ಹಸಿರು ಅಂಕಿ ಆಮೇಲೆ ನನ್ನನ್ನು ಬಿಟ್ಟಿಲ್ಲ.

125 ಎಲ್ಲಿಂದ ಬಂತು

ಈ ಚಿಕಿತ್ಸೆಗೆ ಕನ್ನಡದಲ್ಲಿ ಒಂದು ಹೆಸರು ಹುಡುಕಿ ಸೋತಿದ್ದೇನೆ. ಇಂಗ್ಲಿಷಿನ 'ನೆಗೆಟಿವ್ ಪ್ರೆಶರ್' ಅನ್ನು 'ಋಣ ಒತ್ತಡ' ಅಂದರೆ ಸಾಲಗಾರರ ಕಾಟ ಅನ್ನಿಸುತ್ತದೆ. (ಆ ಸ್ಪಂಜಿನ ಕಿಟ್‌ಗಳ ಬೆಲೆ ನೋಡಿದವರಿಗೆ ಅದೂ ಸುಳ್ಳು ಅನ್ನಿಸಲಿಕ್ಕಿಲ್ಲ.) ವಾರ್ಡಿನಲ್ಲಿ ಎಲ್ಲರೂ 'ವ್ಯಾಕ್' ಅಂತಾರೆ. ವ್ಯಾಕ್ ಹಾಕಿದಾರೆ, ವ್ಯಾಕ್ ತೆಗೆದರು, ನಾಳೆ ವ್ಯಾಕ್ ಚೇಂಜ್. ಅದು ಮೂಲದಲ್ಲಿ ಕೆಸಿಐ ಅನ್ನುವ ಅಮೆರಿಕದ ಕಂಪನಿಯ ಬ್ರ್ಯಾಂಡ್ ಹೆಸರು. ನಮ್ಮಲ್ಲಿ ಜೆರಾಕ್ಸ್ ಆದ ಹಾಗೆ ಇದೂ ಆಗಿದೆ. ಬೇರೆ ಕಂಪನಿಯ ಮೆಷಿನ್ ಮಾಡುವ ನಾವೂ ಊಟಕ್ಕೆ ಕೂತಾಗ ವ್ಯಾಕ್ ಅಂತಲೇ ಮಾತಾಡುತ್ತಿದ್ದೆವು.

125 ಅನ್ನುವ ಅಂಕಿಯನ್ನು ನಾವು ಯಾರೂ ಪ್ರಶ್ನೆ ಮಾಡಿರಲಿಲ್ಲ. ಮೊದಲ ದಿನವೇ ಬಿಳಿ ಬೋರ್ಡಿನ ಮೇಲೆ ಬರೆದಿದ್ದೆವು. ಅದು ಬಂದದ್ದು ಹಂದಿಗಳಿಂದ. ಅಮೆರಿಕದ ನಾರ್ತ್ ಕ್ಯಾರೊಲೈನಾದ ವಿನ್‌ಸ್ಟನ್-ಸೇಲಮ್‌ನಲ್ಲಿ ಲೂಯಿ ಅರ್ಜೆಂಟಾ ಅನ್ನುವ ಪ್ಲಾಸ್ಟಿಕ್ ಸರ್ಜನ್, ಮೈಕೆಲ್ ಮೋರಿಕ್ವಾಸ್ ಅನ್ನುವ ಸಂಶೋಧಕ, ಇಬ್ಬರೂ ಹಂದಿಗಳ ಗಾಯದಲ್ಲಿ ಸ್ಪಂಜಿಟ್ಟು ಗಾಳಿ ಎಳೆದು ನೋಡಿದರು. 1997ರಲ್ಲಿ ಪ್ರಕಟ ಮಾಡಿದರು. 125ರಲ್ಲಿ ಎಳೆದಾಗ ಗಾಯದ ಸುತ್ತ ರಕ್ತದ ಓಡಾಟ ಮೊದಲಿಗಿಂತ ನಾಲ್ಕು ಪಟ್ಟಾಯಿತು ಅಂತ ಅವರ ಲೆಕ್ಕ. 400 ದಾಟಿಸಿದಾಗ ಅದು ಮೊದಲಿಗಿಂತಲೂ ಕೆಳಗಿಳಿಯಿತು. ಹೊಸ ಕೆಂಪು ಮಾಂಸ ಚಿಗುರುವುದು ಕೂಡ ಜಾಸ್ತಿಯಾಯಿತು. ಬಿಡದೆ ಎಳೆದಾಗ ಸುಮಾರು 63 ಪರ್ಸೆಂಟ್, ಬಿಟ್ಟು ಬಿಟ್ಟು ಎಳೆದಾಗ 103 ಪರ್ಸೆಂಟ್. ಹಾಗಾದರೆ ಎಲ್ಲರಿಗೂ ಬಿಟ್ಟು ಬಿಟ್ಟೇ ಎಳೆಯಬಹುದಲ್ವಾ? ನಾನೂ ಹಾಗೇ ಕೇಳಿದ್ದೆ. ಪ್ರತಿ ಸಲ ಎಳೆತ ಶುರುವಾದಾಗ ರೋಗಿಗೆ ನೋವಾಗುತ್ತದೆ. ಹಂದಿ ಬಾಯಿ ಬಿಟ್ಟು ಹೇಳುವುದಿಲ್ಲ. ಮನುಷ್ಯರು ಹೇಳುತ್ತಾರೆ.

125 ಅಂದರೆ ಎಷ್ಟು ಅಂತ ಕೈಗೆ ಸಿಗುವ ಹಾಗೆ ಹೇಳುವುದಾದರೆ, ಎಳನೀರಿಗೆ ಹಾಕುವ ಸ್ಟ್ರಾ ನೆನೆಸಿಕೊಳ್ಳಿ. ಆ ಸ್ಟ್ರಾ 170 ಸೆಂಟಿಮೀಟರ್ ಉದ್ದ ಇದೆ ಅಂತಿಟ್ಟುಕೊಳ್ಳಿ. ನನಗಿಂತ ಅರ್ಧ ಗೇಣು ಎತ್ತರ. ಎಳನೀರು ನೆಲದ ಮೇಲಿದೆ, ನೀವು ಸ್ಟೂಲ್ ಹತ್ತಿ ನಿಂತು ಹೀರುತ್ತಿದ್ದೀರಿ. ನೀರು ಬಾಯಿಗೆ ಬರಲು ಎಷ್ಟು ಎಳೆಯಬೇಕೋ ಅಷ್ಟು. ನಮ್ಮ ಸುತ್ತಲಿನ ಗಾಳಿಯ ಒತ್ತಡದ ಆರನೇ ಒಂದು ಪಾಲು. ಕೇಳಲು ಕಮ್ಮಿ ಅನ್ನಿಸಬಹುದು. ಆದರೆ ದಿನಕ್ಕೆ ಇಪ್ಪತ್ತೆರಡು ಗಂಟೆ, ಒಂದು ಹಸಿ ಗಾಯದ ಮೇಲೆ.

ಆ ಸ್ಪಂಜಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಸೋಫಾದ ಸ್ಪಂಜಿನಲ್ಲಿ ಪುಟ್ಟ ಪುಟ್ಟ ಕೋಣೆಗಳಿರುತ್ತವೆ, ಕೋಣೆಗಳ ನಡುವೆ ತೆಳು ಗೋಡೆ ಉಳಿದಿರುತ್ತದೆ. ಗಾಯದ ಸ್ಪಂಜಿನಲ್ಲಿ ಗೋಡೆಗಳನ್ನೆಲ್ಲ ಒಡೆದು ಕಂಬಗಳನ್ನಷ್ಟೇ ಬಿಟ್ಟಿರುತ್ತಾರೆ. ಒಣಗಿದ ತುಪ್ಪದ ಹೀರೆಕಾಯಿಯ ನಾರು ನೋಡಿದ್ದೀರಲ್ಲ, ಹೆಚ್ಚು ಕಮ್ಮಿ ಹಾಗೆ. ತೂತುಗಳು 400ರಿಂದ 600 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿನ ಆಸುಪಾಸು. ಒಂದು ಮೂಲೆಯಲ್ಲಿ ಎಳೆದರೆ ಎಲ್ಲ ಮೂಲೆಗೂ ಎಳೆತ ತಲುಪಬೇಕು ಅನ್ನುವುದಕ್ಕೆ ಹೀಗೆ. ಎಳೆತ ಶುರುವಾದ ತಕ್ಷಣ ಅದು ಒಣದ್ರಾಕ್ಷಿ ಹಾಗೆ ಸುಕ್ಕಾಗಿ ಗಟ್ಟಿಯಾಗುತ್ತದೆ. ಕುಗ್ಗುವಾಗ ಗಾಯದ ಅಂಚನ್ನೂ ಒಳಗೆ ಎಳೆದುಕೊಳ್ಳುತ್ತದೆ. ನಮ್ಮ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ದುಬಾರಿ ಕಿಟ್ ಇಲ್ಲದೆ ಮಾಮೂಲಿ ಸ್ಪಂಜನ್ನೇ ಆಟೋಕ್ಲೇವ್ ಮಾಡಿ (ಬಿಸಿ ಉಗಿಯಲ್ಲಿ ಕ್ರಿಮಿ ಕೊಂದು), ಮೂಗಿಗೆ ಹಾಕುವ ರೈಲ್ಸ್ ಟ್ಯೂಬ್ ಚುಚ್ಚಿ, ಗೋಡೆಯ ಸಕ್ಷನ್ನಿಗೆ ಜೋಡಿಸಿ ಕೆಲಸ ಸಾಗಿಸುತ್ತಾರೆ. ಗಾಯ ಮಾಯುವುದೂ ಉಂಟು. ಒಂದೇ ತೊಂದರೆ, ರೋಗಿ ಗೋಡೆಗೆ ಕಟ್ಟಿ ಹಾಕಿದ ದನದ ಹಾಗೆ. ಬಚ್ಚಲಿಗೆ ಹೋಗಬೇಕಾದರೂ ಬಿಚ್ಚಬೇಕು.

ಮುಂದೆ ಬೇರೆಯವರು ಅಳೆದಾಗ ರಕ್ತದ ಓಡಾಟದ ಕತೆ ಅಷ್ಟು ಸಲೀಸಾಗಿ ಉಳಿಯಲಿಲ್ಲ. ದಕ್ಷಿಣ ಆಫ್ರಿಕಾದ ಕೇಪ್ ಟೌನಿನಲ್ಲಿ ಕೈರಿನೋಸ್ ಮತ್ತು ಜೊತೆಗಾರರು, ಸ್ಪಂಜು ಕುಗ್ಗುವಾಗ ಕೆಳಗಿನ ಮಾಂಸವನ್ನು ಅದುಮುತ್ತದೆ, ಅಲ್ಲಿ ಒತ್ತಡ ಇಳಿಯುವ ಬದಲು ಏರುತ್ತದೆ ಅಂತ ತೋರಿಸಿದರು. ಒಳಗೆ ಹೀರಿದರೆ ಒಳಗಿನ ಒತ್ತಡ ಏರುತ್ತದೆ! ಓದಿದ ದಿನ ನಾನು ಎರಡು ಸಲ ಕಾಫಿ ಕುಡಿದೆ. ಸೋಫಾ ಮೇಲಿನ ಪ್ಲಾಸ್ಟಿಕ್ ಕವರಿನಿಂದ ಗಾಳಿ ತೆಗೆದರೆ ಅದು ಸೋಫಾವನ್ನು ಹೇಗೆ ಅಪ್ಪಿ ಹಿಸುಕುತ್ತದೋ ಹಾಗೆ ಅಂತ ಆಮೇಲೆ ಹೊಳೆಯಿತು. ಇದರಿಂದ ಚಿಕಿತ್ಸೆ ಸುಳ್ಳಾಗುವುದಿಲ್ಲ. ಗಾಯದ ರಸಿಗೆ ಹೊರಗೆ ಹೋಗುತ್ತದೆ, ಬಾವು ಇಳಿಯುತ್ತದೆ, ಅಂಚುಗಳು ಹತ್ತಿರ ಬರುತ್ತವೆ. ಆದರೆ ಕಾಲಿಗೆ ರಕ್ತವೇ ಸರಿಯಾಗಿ ಬರದ ಸಕ್ಕರೆ ಕಾಯಿಲೆಯವರಲ್ಲಿ 125 ಅಂತ ಕಣ್ಣು ಮುಚ್ಚಿ ಒತ್ತುವ ಮುಂಚೆ ಯಾರಾದರೂ ಒಂದು ನಿಮಿಷ ಯೋಚನೆ ಮಾಡಬೇಕು. ನಾವು ಅದನ್ನು ಕಾರ್ಖಾನೆಯಲ್ಲೇ ಸೆಟ್ ಮಾಡಿ ಕಳಿಸಿಬಿಟ್ಟಿದ್ದೆವು.

ಸೋರುವುದು

ಮೆಷಿನ್ ಅಂದಾಗ ಎಲ್ಲರಿಗೂ ಪಂಪು ನೆನಪಾಗುತ್ತದೆ. ನಮಗೂ ಹಾಗೇ ಆಗಿತ್ತು. ಮೊದಲ ಒಂದು ವರ್ಷ ಪಂಪಿನ ಬೆನ್ನು ಬಿದ್ದಿದ್ದೆವು. ರಬ್ಬರ್ ಪೊರೆ ಆಡಿಸಿ ಗಾಳಿ ಎಳೆಯುವ ಡಯಾಫ್ರಮ್ ಪಂಪು, ಸದ್ದು ಕಮ್ಮಿ ಇರಬೇಕು, ಬ್ಯಾಟರಿ ಕಮ್ಮಿ ತಿನ್ನಬೇಕು. ಆದರೆ ಒಂದು ಲೆಕ್ಕ ಹಾಕಿ ನೋಡಿ. ಗಾಯದ ಮೇಲಿನ ಹಾಳೆ ಪೂರ್ತಿ ಬಿಗಿಯಾಗಿದ್ದರೆ ಒಂದು ಸಲ ಗಾಳಿ ಎಳೆದ ಮೇಲೆ ಪಂಪಿಗೆ ಹೆಚ್ಚು ಕಮ್ಮಿ ಕೆಲಸವೇ ಇಲ್ಲ. ಬರುವ ಹನಿ ರಸಿಗೆ ಎಳೆದರಾಯಿತು. ನಿಮಿಷಕ್ಕೆ 100 ಮಿಲಿಲೀಟರ್ ಗಾಳಿ ಸೋರಿದರೂ ಅದನ್ನು ಎಳೆಯಲು ಬೇಕಾದ ನಿಜವಾದ ಶಕ್ತಿ ಒಂದು ವಾಟಿನ ನೂರರಲ್ಲಿ ಮೂರು ಪಾಲು. ಮಿಕ್ಕದ್ದೆಲ್ಲ ಮೋಟಾರಿನಲ್ಲಿ, ರಬ್ಬರಿನಲ್ಲಿ, ಸದ್ದಿನಲ್ಲಿ ಹೋಗುತ್ತದೆ. ಅಂದರೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ತೀರ್ಮಾನ ಮಾಡುವುದು ಬೆಂಗಳೂರಿನ ಇಂಜಿನಿಯರ್ ಅಲ್ಲ, ಹಾಳೆ ಅಂಟಿಸುವ ಸಿಸ್ಟರ್.

ಇದನ್ನು ನಮಗಿಂತ ಮುಂಚೆ ಚೆನ್ನಾಗಿ ಅರ್ಥ ಮಾಡಿಕೊಂಡವರು ಡೇನಿಯಲ್ ಜುರೊವ್ಚಿಕ್. ಅಮೆರಿಕದ ಎಂಐಟಿ ಅನ್ನುವ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಹುಡುಗಿ. 2010ರಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ಕರೆಂಟೇ ಇಲ್ಲದ ಕಡೆ ಗಾಯಾಳುಗಳ ರಾಶಿ. ಅಲ್ಲಿಗೆ ಅವರು ತೆಗೆದುಕೊಂಡು ಹೋದದ್ದು ಕೈಯಲ್ಲಿ ಒತ್ತುವ, ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆ ಇರುವ ಒಂದು ಪ್ಲಾಸ್ಟಿಕ್ ಪಂಪು. ಮಾಡಲು ತಗಲುವ ಖರ್ಚು ಸುಮಾರು 3 ಡಾಲರ್. ಬ್ಯಾಟರಿ ಇಲ್ಲ, ಪರದೆ ಇಲ್ಲ. ಒಮ್ಮೆ ಅದುಮಿ ಬಿಟ್ಟರೆ ಅದು ಮೆಲ್ಲಗೆ ಅರಳುತ್ತಾ ಗಂಟೆಗಟ್ಟಲೆ ಎಳೆಯುತ್ತದೆ. ಆದರೆ ಒಂದೇ ಷರತ್ತು, ಗಾಳಿ ಸೋರಬಾರದು. ಆಮೇಲೆ ಅವರ ತಲೆ ಓಡಿದ್ದೆಲ್ಲ ಸೋರಿಕೆಯ ಮೇಲೆ. ನಮ್ಮ ಬಾಸ್‌ಗೆ ಇದನ್ನು ತೋರಿಸಿದಾಗ, 'ಸುಮ್ನೆ ಆಟಿಕೆ' ಅಂದರು. ಆಟಿಕೆಯಲ್ಲಿ ಸುಳ್ಳು ಹೇಳಲು ಪರದೆಯೇ ಇಲ್ಲ ಅಂತ ಅವತ್ತು ನನಗೆ ಹೊಳೆದಿರಲಿಲ್ಲ. ತಿದಿ ಅರಳಿಹೋಗಿದ್ದರೆ ಎಳೆತ ಮುಗಿದಿದೆ ಅಂತ ಓದು ಬಾರದವರಿಗೂ ಕಾಣುತ್ತದೆ.

ಸೋರಿಕೆ ಹುಡುಕುವುದು ಹೇಗೆ? ನಮ್ಮ ಆಫೀಸಿನ ಎದುರು ಪಂಕ್ಚರ್ ಅಂಗಡಿ ಇತ್ತು. ಅಲ್ಲಿ ಟ್ಯೂಬನ್ನು ನೀರಿನ ಬಾನಿಯಲ್ಲಿ ಅದ್ದುತ್ತಾರೆ, ಗುಳ್ಳೆ ಬಂದ ಕಡೆ ತೂತು. ನಮ್ಮದು ಉಲ್ಟಾ. ಗಾಳಿ ಹೊರಗೆ ಬರುವುದಿಲ್ಲ, ಒಳಗೆ ಹೋಗುತ್ತದೆ. ಸೋಪಿನ ನೊರೆ ಹಚ್ಚಿದರೆ ನೊರೆಯೂ ಒಳಗೆ. ಲ್ಯಾಬಿನಲ್ಲಿ ಇದಕ್ಕೆ ಒಂದು ಫ್ಲೋ ಮೀಟರ್ ಇಟ್ಟು, ಗ್ರಾಫ್ ಬರೆದು, ಯಾವ ಅಂಚಿನಲ್ಲಿ ಸೋರುತ್ತಿದೆ ಅಂತ ಸಾಫ್ಟ್‌ವೇರಿನಲ್ಲಿ ಊಹೆ ಮಾಡಲು ಮೂರು ತಿಂಗಳು ಹೆಣಗಿದೆವು. ಆಮೇಲೆ ಒಂದು ದಿನ ಆಸ್ಪತ್ರೆಯಲ್ಲಿ ಕೇರಳದ ಕಡೆಯ ಒಬ್ಬ ಹಿರಿಯ ಸಿಸ್ಟರ್ ಡ್ರೆಸ್ಸಿಂಗ್ ಮಾಡುವುದನ್ನು ನೋಡಿದೆ. ಹಾಳೆ ಅಂಟಿಸಿದರು. ಮೆಷಿನ್ ಲೀಕ್ ಅಂತ ಕೂಗಿತು. ಅವರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಕುತ್ತಿಗೆಯಿಂದ ಸ್ಟೆತಾಸ್ಕೋಪ್ ತೆಗೆದು, ಹಾಳೆಯ ಅಂಚಿಗುಂಟ ಮೆಲ್ಲಗೆ ಸರಿಸುತ್ತಾ ಹೋದರು. ಕಿರುಬೆರಳಿನ ಸಂದಿಯಲ್ಲಿ ನಿಲ್ಲಿಸಿದರು. ನನ್ನ ಕಿವಿಗೂ ಕೊಟ್ಟರು. ಸಣ್ಣಗೆ ಸ್ಸ್ಸ್ ಅಂತ, ಕುಕ್ಕರಿನ ಗ್ಯಾಸ್ಕೆಟ್ ಹಾಳಾದಾಗ ಬರುವಂಥ ಸದ್ದು. ಅಲ್ಲಿಗೆ ಸಂದು ಮುಚ್ಚುವ ಸ್ಟೋಮಾ ಪೇಸ್ಟ್ ಒಂದಿಷ್ಟು ಒತ್ತಿ, ಒಂದು ಚೂರು ಹಾಳೆ ಕತ್ತರಿಸಿ ಹಾಕಿದರು. ಕಪ್ಪು ಸ್ಪಂಜು ಕಣ್ಣೆದುರೇ ಸುಕ್ಕಾಯಿತು. ಒಂದು ನಿಮಿಷವೂ ಆಗಿರಲಿಲ್ಲ.

ಕಾಲಿನ ಬೆರಳ ಸಂದಿ, ಹಿಮ್ಮಡಿ, ತೊಡೆಯ ಸಂದು, ಬೆನ್ನಿನ ಕೆಳಭಾಗ. ಹಾಳೆ ಕೂರದ ಜಾಗಗಳು ಇವೇ. ಗಾಯಗಳು ಜಾಸ್ತಿ ಆಗುವುದೂ ಇಲ್ಲೇ. ಬೆವರು, ಕೂದಲು, ಸುಕ್ಕು ಚರ್ಮ. ಲ್ಯಾಬಿನಲ್ಲಿ ನಾವು ಹಾಳೆ ಅಂಟಿಸಿ ನೋಡುತ್ತಿದ್ದದ್ದು ಗಾಜಿನ ತಟ್ಟೆಯ ಮೇಲೆ. ಅದರ ಮೇಲೆ ಎಲ್ಲವೂ ಅಂಟುತ್ತದೆ. ಏಪ್ರಿಲ್ ತಿಂಗಳಲ್ಲಿ ಫ್ಯಾನು ತಿರುಗದ ವಾರ್ಡಿನಲ್ಲಿ ಬೆವರಿದ ಕಾಲಿನ ಮೇಲೆ ಏನಾಗುತ್ತದೆ ಅಂತ ಗಾಜಿಗೆ ಹೇಗೆ ಗೊತ್ತಿರಬೇಕು. ನಾನೇ ನನ್ನ ಹಿಮ್ಮಡಿಗೆ ಹಾಳೆ ಹಾಕಿಕೊಂಡು ಒಂದು ರಾತ್ರಿ ಮಲಗಿದ ಮೇಲೆ ಬುದ್ಧಿ ಬಂತು. ಬೆಳಗ್ಗೆ ಹಾಳೆ ಹೊದಿಕೆಗೆ ಅಂಟಿತ್ತು.

ಡಬ್ಬಿ

ಎಳೆದ ರಸಿಗೆ ಸೇರುವ ಡಬ್ಬಿಗೆ ಕ್ಯಾನಿಸ್ಟರ್ ಅಂತಾರೆ. ನಮ್ಮದು 300 ಮಿಲಿಲೀಟರಿನದು. ಪದೇ ಪದೇ ತುಂಬುತ್ತದೆ, ಡಬ್ಬಿ ಬದಲಿಸಲು ಜನ ಇಲ್ಲ ಅಂತ ಮಾರ್ಕೆಟಿಂಗ್‌ನವರು ಗೊಣಗಿದರು. ಒಂದು ಲೀಟರಿನದು ಮಾಡೋಣ, ಬೇರೆಯವರೂ ಮಾಡಿದ್ದಾರೆ ಅಂತ ನಾನೇ ಚಿತ್ರ ಬರೆದು, ಒಬ್ಬ ಸರ್ಜನ್‌ಗೆ ತೋರಿಸಲು ಹೋದೆ. ಅವರು ಬಿಳಿ ಗಡ್ಡದ, ಮೆಲ್ಲಗೆ ಮಾತಾಡುವ ಮನುಷ್ಯ. ಚಿತ್ರ ನೋಡಿದರು. 'ಮೇಡಮ್, ಗಾಯದೊಳಗೆ ಒಂದು ರಕ್ತನಾಳ ಒಡೀತು ಅಂತಿಟ್ಕೊಳ್ಳಿ. ನಿಮ್ಮ ಮೆಷಿನ್‌ಗೆ ಅದು ರಕ್ತವೋ ರಸಿಗೆಯೋ ಗೊತ್ತಾಗತ್ತಾ?' ಅಂದರು. ಇಲ್ಲ ಸರ್ ಅಂದೆ. 'ಹಾಗಾದ್ರೆ ಒಂದು ಲೀಟರ್ ತುಂಬೋವರೆಗೂ ಅದು ಖುಷಿಯಾಗಿ ಎಳೀತಾನೇ ಇರತ್ತೆ. ಆಮೇಲೆ ಡಬ್ಬಿ ತುಂಬಿದೆ ಅಂತ ಕೂಗತ್ತೆ' ಅಂದರು. ಮನುಷ್ಯನ ಮೈಯಲ್ಲಿ ಇರುವುದೇ ಸುಮಾರು ಐದು ಲೀಟರ್. ನಾನು ಹಾಳೆ ಮಡಿಚಿ ಬ್ಯಾಗಿಗೆ ಹಾಕಿಕೊಂಡೆ.

ಇದು ಬರೀ ಅವರ ಭಯ ಅಲ್ಲ. 2009ರ ನವೆಂಬರಿನಲ್ಲಿ ಔಷಧಿ, ಮೆಡಿಕಲ್ ಸಾಧನಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಈ ಮೆಷಿನ್‌ಗಳ ಬಗ್ಗೆ ಒಂದು ಎಚ್ಚರಿಕೆ ಹೊರಡಿಸಿತ್ತು. ಹಿಂದಿನ ಎರಡು ವರ್ಷಗಳಲ್ಲಿ 6 ಸಾವು, 77 ಜನಕ್ಕೆ ತೊಂದರೆಯಾದ ವರದಿ ಬಂದಿತ್ತು. 2011ರ ಹೊತ್ತಿಗೆ ಒಟ್ಟು ಸಾವು 12ಕ್ಕೆ ಏರಿತು. ಎಲ್ಲಕ್ಕಿಂತ ಅಪಾಯದ್ದು ರಕ್ತಸ್ರಾವ. ಸಾವುಗಳಲ್ಲಿ ಹೆಚ್ಚಿನವು ನಡೆದದ್ದು ಮನೆಯಲ್ಲಿ ಅಥವಾ ಆರೈಕೆ ಕೇಂದ್ರಗಳಲ್ಲಿ, ಅಂದರೆ ಪಕ್ಕದಲ್ಲಿ ಡಾಕ್ಟರ್ ಇಲ್ಲದ ಕಡೆ. ಸ್ಪಂಜಿನ ಚೂರು ಗಾಯದೊಳಗೇ ಉಳಿದು ಸೋಂಕಾದ ಪ್ರಕರಣಗಳೂ ಇದ್ದವು. ಎಷ್ಟು ಚೂರು ಇಟ್ಟಿದ್ದೇವೆ ಅಂತ ಹಾಳೆಯ ಮೇಲೇ ಪೆನ್ನಿನಲ್ಲಿ ಬರೆಯುವ ರೂಢಿ ಇರುವುದು ಇದಕ್ಕೇ. ಒಂದು ಮಾರ್ಕರ್ ಪೆನ್ನು ಮಾಡುವ ಕೆಲಸ ಅದು. ನಾವು ಕಿಟ್‌ನೊಳಗೆ ಬರೆಯಲು ಒಂದು ಸ್ಟಿಕ್ಕರ್ ಹಾಕಿದೆವು. ಪೆನ್ನು ಹಾಕಲಿಲ್ಲ. ಸಿಸ್ಟರ್ ಹತ್ತಿರ ಪೆನ್ನು ಇದ್ದೇ ಇರುತ್ತದೆ ಅಂದುಕೊಂಡೆವು. ಇರುತ್ತದೆ, ಯಾರೋ ಡಾಕ್ಟರ್ ಸಹಿ ಹಾಕಲು ತೆಗೆದುಕೊಂಡು ಹೋಗುವ ತನಕ.

ಡಬ್ಬಿ 300ಕ್ಕೇ ಉಳಿಯಿತು. ಅರ್ಧ ಗಂಟೆಯೊಳಗೆ ಇಷ್ಟಕ್ಕಿಂತ ಜಾಸ್ತಿ ತುಂಬಿದರೆ ಎಳೆತ ನಿಲ್ಲಿಸಿ ಕೂಗು ಅಂತ ಒಂದು ಸಾಲು ಸಾಫ್ಟ್‌ವೇರಿಗೆ ಸೇರಿತು. ನಾನು ಈ ಕೆಲಸದಲ್ಲಿ ಬರೆಸಿದ ಸಾಲುಗಳಲ್ಲಿ ಇದೊಂದರ ಬಗ್ಗೆ ಮಾತ್ರ ಅನುಮಾನ ಇಲ್ಲ.

ರಾತ್ರಿ ಏನಾಯಿತು

ಟವೆಲ್ಲಿಗೆ ವಾಪಸ್ ಬರುತ್ತೇನೆ. ಮೆಡಿಕಲ್ ಸಾಧನಗಳು ಹೇಗೆ ಕೂಗಬೇಕು ಅನ್ನುವುದಕ್ಕೂ ಒಂದು ಅಂತರರಾಷ್ಟ್ರೀಯ ನಿಯಮ ಇದೆ, ಐಇಸಿ 60601-1-8. ಯಾವುದು ತುರ್ತು, ಯಾವುದು ಅಲ್ಲ, ಕೆಂಪು ದೀಪ ಯಾವಾಗ, ಹಳದಿ ಯಾವಾಗ, ಎಲ್ಲ ಅದರಲ್ಲಿದೆ. ನಾವು ಅಕ್ಷರಕ್ಷರ ಪಾಲಿಸಿದ್ದೆವು. ಟೆಸ್ಟಿಂಗ್ ಲ್ಯಾಬಿನಲ್ಲಿ ಒಂದೇ ಸಲಕ್ಕೆ ಪಾಸಾಗಿತ್ತು. ಆದರೆ ಆ ವಾರ್ಡಿನಲ್ಲಿ ರಾತ್ರಿ ಪಾಳಿಗೆ ಇದ್ದದ್ದು ಇಬ್ಬರು ಸಿಸ್ಟರ್. ಮೆಷಿನ್ ಲೀಕ್ ಅಂತ ಕೂಗಿದರೆ ಏಳುವವರು ಸೊಸೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿರುತ್ತದೆ. ಅವರಿಗೆ ಗೊತ್ತಿದ್ದದ್ದು ಒಂದು ಬಟನ್, ಸದ್ದು ನಿಲ್ಲಿಸುವುದು. ಅದು ಎರಡು ನಿಮಿಷಕ್ಕೆ ಮತ್ತೆ ಕೂಗುತ್ತಿತ್ತು. ಮೂರನೇ ರಾತ್ರಿ ಇನ್ನೊಂದು ಬಟನ್ ಕೂಡ ಪತ್ತೆಯಾಯಿತು, ಪೂರ್ತಿ ಆಫ್ ಮಾಡುವುದು. 'ಹನ್ನೊಂದಕ್ಕ ಬಂದ್ ಮಾಡ್ತೀನ್ರೀ, ಮುಂಜಾನೆ ಡಾಕ್ಟರ್ ಬರೂದ್ರಾಗ ಚಾಲೂ ಮಾಡ್ತೀನಿ' ಅಂತ ತುಸು ನಾಚಿಕೊಂಡೇ ಹೇಳಿದರು.

ಎಳೆತ ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ನಿಂತರೆ ಆ ಸ್ಪಂಜನ್ನು ತೆಗೆದು ಬೇರೆ ಡ್ರೆಸ್ಸಿಂಗ್ ಮಾಡಬೇಕು. ಗಾಳಿಯಾಡದ ಹಾಳೆಯ ಕೆಳಗೆ ಕೊಳಕು ರಸಿಗೆ ನಿಂತು ಕೊಳೆಯಲು ಶುರುವಾಗುತ್ತದೆ. ಅಂದರೆ ನಿಂತ ಮೆಷಿನ್ನು ಇಲ್ಲದ ಮೆಷಿನ್ನಿಗಿಂತ ಕೆಟ್ಟದ್ದು. ಇಲ್ಲಿ ಏಳು ಗಂಟೆ ನಿಂತಿತ್ತು. ಮೂರು ರಾತ್ರಿ. ಬೆಳಗ್ಗೆ ಎಂಟೂವರೆಗೆ ಡಾಕ್ಟರ್ ಬಂದಾಗ ಪರದೆ ಹೇಳಿದ್ದು 125, ಹಸಿರು. ಆ ಪರದೆಗೆ ನಿನ್ನೆ ರಾತ್ರಿ ಅನ್ನುವುದೇ ಇರಲಿಲ್ಲ. ನೆನಪು ಇತ್ತು, ಮೆಮೊರಿ ಚಿಪ್ಪಿನಲ್ಲಿ ನಿಮಿಷ ನಿಮಿಷದ ಲೆಕ್ಕ ಇತ್ತು. ಆದರೆ ಅದನ್ನು ತೆಗೆಯಲು ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸಬೇಕು. ಅದು ನಮಗಾಗಿ ಇಟ್ಟುಕೊಂಡದ್ದು. ಡಾಕ್ಟರಿಗೆ ಬೇಕಾಗುತ್ತದೆ ಅಂತ ಅನ್ನಿಸಿರಲೇ ಇಲ್ಲ.

ನಾನು ಅವತ್ತು ಡಾಕ್ಟರಿಗೆ ಎಲ್ಲ ಹೇಳಿದೆ. ಡ್ರೆಸ್ಸಿಂಗ್ ಬಿಚ್ಚಿಸಿದರು. ವಾಸನೆ ಬರುತ್ತಿತ್ತು. ಸ್ಪಂಜಿಗೆ ಸಲೈನ್ ಹಾಕಿ ನೆನೆಸಿ ತೆಗೆದರೂ ಯಜಮಾನರು ನನ್ನ ಕೈ ಹಿಡಿದುಕೊಂಡು ಹಲ್ಲು ಕಚ್ಚಿದರು. ಮಾಂಸ ಚಿಗುರುತ್ತಾ ಸ್ಪಂಜಿನ ಕೋಣೆಗಳೊಳಗೂ ಹೊಕ್ಕಿರುತ್ತದೆ, ಕೀಳುವಾಗ ಅದೂ ಹರಿದು ಬರುತ್ತದೆ. ಬ್ರೋಶರಿನಲ್ಲಿ ನಾವು 'ಅಲ್ಪ ಅಸ್ವಸ್ಥತೆ' ಅಂತ ಹಾಕಿದ್ದೆವು. ಸೊಸೆ ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದರು. ನನ್ನಿಂದಲೇ ಆಯ್ತೇನ್ರೀ ಅಂತ ಕೇಳಿದರು. ನಿಮ್ಮಿಂದ ಅಲ್ಲಮ್ಮಾ ಅಂದೆ. ಅದಕ್ಕಿಂತ ಮುಂದೆ ವಿವರಿಸಲು ಬಾಯಿ ಬರಲಿಲ್ಲ. ಪುಣ್ಯಕ್ಕೆ ಕಾಲು ಉಳಿಯಿತು. ಎರಡು ವಾರದ ಮೇಲೆ ಚರ್ಮ ಕಸಿ ಮಾಡಿದರು ಅಂತ ಫೋನಿನಲ್ಲಿ ತಿಳಿಯಿತು.

ಎರಡನೇ ಮೆಷಿನ್ನು

ಬೆಂಗಳೂರಿಗೆ ವಾಪಸ್ ಬಂದು ಎರಡನೇ ಮಾಡೆಲ್ ಶುರು ಮಾಡಿದೆವು. ಕೊಳವೆಯ ಪಕ್ಕಕ್ಕೆ ಇನ್ನೊಂದು ಕೂದಲಿನಂಥ ಕೊಳವೆ ಸೇರಿಸಿದೆವು. ಅದರಲ್ಲಿ ರಸಿಗೆ ಬರುವುದಿಲ್ಲ, ಗಾಳಿ ಮಾತ್ರ. ಸೆನ್ಸರ್ ಆ ಕೊಳವೆಯ ಮೂಲಕ ಗಾಯದ ಹತ್ತಿರದ ಒತ್ತಡವನ್ನೇ ಅಳೆಯುತ್ತದೆ. ಜೊತೆಗೆ ಆಗಾಗ ಅದೇ ದಾರಿಯಲ್ಲಿ ಒಂದು ಗುಟುಕು ಗಾಳಿ ಬಿಟ್ಟು, ದೊಡ್ಡ ಕೊಳವೆಯಲ್ಲಿ ನಿಂತ ರಸಿಗೆಯನ್ನು ಡಬ್ಬಿಗೆ ತಳ್ಳುತ್ತದೆ. ಹೊಸದೇನಲ್ಲ, ದೊಡ್ಡ ಕಂಪನಿಗಳು ಎಂದೋ ಮಾಡಿದ್ದವು. ಖರ್ಚು ಉಳಿಸಲು ನಾವು ಬಿಟ್ಟಿದ್ದೆವು, ಅಷ್ಟೇ. ಮೆಷಿನ್ ಗಾಯಕ್ಕಿಂತ ಕೆಳಗಿದ್ದರೂ ತೊಂದರೆ ಇದೆ ಅನ್ನುವುದು ಅವಾಗಲೇ ತಲೆಗೆ ಹೋದದ್ದು. ಒಂದು ಮೀಟರ್ ಕೆಳಗಿಟ್ಟು ಕೊಳವೆ ತುಂಬಿದರೆ 74 ಸೇರಿಕೊಂಡು ಗಾಯಕ್ಕೆ 199 ಬೀಳುತ್ತದೆ. ಪರದೆಯಲ್ಲಿ ಈಗಿನ ಅಂಕಿಯನ್ನು ಚಿಕ್ಕದು ಮಾಡಿದೆವು. ದೊಡ್ಡಕ್ಷರದಲ್ಲಿ ಕಳೆದ 24 ಗಂಟೆಯಲ್ಲಿ ಎಷ್ಟು ಗಂಟೆ ನಡೆದಿದೆ ಅಂತ ಹಾಕಿದೆವು. ಲೀಕ್ ಅನ್ನುವ ಅಕ್ಷರದ ಬದಲು ಚಿತ್ರ. ಕೆಳಗೆ ಕನ್ನಡದಲ್ಲಿ ಒಂದು ಸಾಲು, 'ಹಾಳೆ ಬಿಟ್ಟಿದೆ, ಸಿಸ್ಟರ್‌ಗೆ ಹೇಳಿ'. ರಾತ್ರಿ ಸಣ್ಣ ಸೋರಿಕೆಗೆ ಕೂಗುವ ಬದಲು ದೀಪ ಮಿನುಗುತ್ತದೆ. ಕೂಗು ದೊಡ್ಡ ತೊಂದರೆಗೆ ಮಾತ್ರ. ಮಂಚದ ಕಂಬಿಗೆ ಸಿಕ್ಕಿಸಲು ಕೊಕ್ಕೆ, ನೆಲದ ಮೇಲೆ ಇಡಲು ರಬ್ಬರ್ ಕಾಲು.

ಆ ಕೊಕ್ಕೆಯ ಬಗ್ಗೆ ನನಗೆ ಭಾರೀ ಹೆಮ್ಮೆ ಇತ್ತು. ಅದಕ್ಕೆ ಎಂಟು ಸಲ ಅಚ್ಚು ಮಾಡಿಸಿದ್ದೆ. ಹೋದ ವರ್ಷ ದಸರೆ ರಜೆಗೆ ಮುಂಚೆ ಅದೇ ಆಸ್ಪತ್ರೆಗೆ ಮತ್ತೆ ಹೋದೆ. ಅದೇ ವಾರ್ಡು. ಕಿಟಕಿ ಪಕ್ಕದಲ್ಲಿ ಬೇರೆ ಯಾರೋ ರೋಗಿ, ಬೇರೆ ಮನೆಯವರು. ಮೆಷಿನ್ನು ಕಿಟಕಿ ಸರಳಿಗೆ ನೇತಾಡುತ್ತಿತ್ತು. ಈ ಸಲ ಪಂಚೆಯ ತುಂಡಿನಲ್ಲಿ ಕಟ್ಟಿದ್ದರು. ಕಬ್ಬಿಣದ ಸರಳಿಗೆ ತಗುಲಿ ಇಡೀ ಕಿಟಕಿಯೇ ತಂಬೂರಿಯ ಹಾಗೆ ಗುಂಯ್ ಅನ್ನುತ್ತಿತ್ತು. ಹೋದ ಸಲದ ಟವೆಲ್ಲಿಗೆ ಇದೂ ಒಂದು ಕಾರಣ ಇದ್ದಿರಬೇಕು.

ಪರದೆ ನೋಡಿದೆ. ಗಾಯದ ಹತ್ತಿರ 122. ಕಳೆದ 24 ಗಂಟೆಯಲ್ಲಿ 23 ಗಂಟೆ 10 ನಿಮಿಷ. ಉಸಿರು ಬಿಟ್ಟೆ. ಆದರೂ ತಡೆಯಲಾಗಲಿಲ್ಲ. ರೋಗಿಯ ತಮ್ಮ ಅಲ್ಲೇ ಕೂತು ದ್ರಾಕ್ಷಿ ಬಿಡಿಸುತ್ತಿದ್ದ. ಹುಡುಗ, ಇಪ್ಪತ್ತರ ಆಸುಪಾಸು. ಯಾಕಪ್ಪಾ ಮೇಲೆ ಕಟ್ಟಿದೀಯ, ಕೆಳಗೆ ಇಡಲಿಕ್ಕೆ ಕಾಲು ಇದೆಯಲ್ಲ ಅಂದೆ. ಅವನು ಎದ್ದು, ನನಗೆ ಕಣ್ಣು ಕಾಣುವುದಿಲ್ಲವೇನೋ ಅನ್ನುವ ಹಾಗೆ ಒಮ್ಮೆ ನೋಡಿ, ಗೋಡೆಯ ಕಡೆ ಕೈ ತೋರಿಸಿದ.

ಸ್ವಿಚ್ ಬೋರ್ಡು ಕಿಟಕಿಯ ಪಕ್ಕದಲ್ಲಿತ್ತು. ನೆಲದಿಂದ ಐದಡಿ ಎತ್ತರದಲ್ಲಿ.

'ವೈರ್ ಮುಟ್ಟಂಗಿಲ್ರೀ ಅಕ್ಕಾರ' ಅಂದ.

ನಮ್ಮ ಚಾರ್ಜರಿನ ವೈರು 1.2 ಮೀಟರ್. ಮೊದಲ ಮೆಷಿನ್ನಿನದೂ ಅಷ್ಟೇ. ಅಂಗಡಿಯಲ್ಲಿ ರೆಡಿಯಾಗಿ ಸಿಗುತ್ತದೆ ಅಂತ ತೆಗೆದುಕೊಂಡಿದ್ದೆವು. ಮೂರು ಮೀಟರಿನದು ಬೇಕು ಅಂತ ಬಸ್‌ಸ್ಟ್ಯಾಂಡಿನಿಂದಲೇ ಪರ್ಚೇಸಿನವರಿಗೆ ಮೆಸೇಜ್ ಹಾಕಿದೆ. ಬಸ್ಸು ಹಾವೇರಿ ದಾಟುವ ಹೊತ್ತಿಗೆ ಉತ್ತರ ಬಂತು. ಪೀಸಿಗೆ ನಲವತ್ತು ರೂಪಾಯಿ ಜಾಸ್ತಿ ಆಗುತ್ತದೆ ಮೇಡಮ್, ನಿಜವಾಗಲೂ ಬೇಕಾ ಅಂತ.